ಎದೆ ಒತ್ತುವುದನ್ನು ಎಲ್ಲರಿಗೂ ಕಲಿಸಿ

ಮಾನ್ಯರೇ,

ಹುಬ್ಬಳ್ಳಿ ರೈಲು ನಿಲ್ದಾಣದ ಅತಿ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ಅದರ ತುದಿಯಲ್ಲಿ ಯಾರಾದರೂ ಕುಸಿದರೆ ನೆರವು ಬರುವಷ್ಟರಲ್ಲಿ ಹೊತ್ತು ಮೀರಬಹುದು. ಹೃದಯ ನಿಂತರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಸುಮ್ನೆ ಸುತ್ತ ನಿಂತು ನೀರು ಚಿಮುಕಿಸಿದರೆ ಜೀವ ಉಳಿಯುವುದಿಲ್ಲ.

ಕುಸಿದ ದೊಡ್ಡವರು ಮಾತಾಡಿಸಿದರೂ ಓಗೊಡದಿದ್ದರೆ, ಉಸಿರಾಟ ಸರಿ ಇಲ್ಲದಿದ್ದರೆ, ಒಬ್ಬರು 108ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬರು ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು ಒತ್ತಬೇಕು. ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲು ಬಾರದಿದ್ದರೂ ಪರವಾಗಿಲ್ಲ. ಪಕ್ಕೆಲುಬು ಮುರಿದೀತು ಎಂಬ ಅಂಜಿಕೆಯೂ ಬೇಡ. ಜೀವ ದೊಡ್ಡದು ಅಲ್ವಾ?

ರೈಲ್ವೆ ಮತ್ತು ಮಹಾನಗರ ಪಾಲಿಕೆಯವರು ಕೂಲಿಗಳು, ಚಹಾ ಮಾರುವವರು, ಆಟೊ ಚಾಲಕರಿಗೆ ದಯವಿಟ್ಟು ಇದನ್ನು ಕಲಿಸಲಿ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ