ಹುಲ್ಲುಗಾವಲಿನಲ್ಲಿ ಗುಂಡಿ ತೋಡಿಸಬೇಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರಗಳು.

ಬಯಲುಸೀಮೆಯ ಗೋಮಾಳ, ಕಾವಲುಗಳಂಥ ಮೇವಿನ ಬಯಲುಗಳಲ್ಲಿ ಹುಲ್ಲು ಉಳಿದಿರುವ ನೆಲವನ್ನು ನೆಡುತೋಪಿನ ಗುರಿಯಿಂದ ಹೊರಗಿಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ವನಮಹೋತ್ಸವ ನಡೆಯುವುದು ಜುಲೈನಲ್ಲಾದರೂ ಸಸಿ ನೆಡಲು ಗುಂಡಿ ತೋಡುವ ಕೆಲಸ ಬೇಸಿಗೆಯಲ್ಲೇ ಶುರುವಾಗುತ್ತದೆ. ಟಿಟ್ಟಿಭ ಮೊಟ್ಟೆಯಿಡುವ ಕಾಲವೂ ಅದೇ. ಆ ಹಕ್ಕಿ ಗೂಡು ಕಟ್ಟುವುದಿಲ್ಲ. ಕಲ್ಲುಹರಳುಗಳ ನಡುವೆ ನೆಲವನ್ನು ಒಂದಿಷ್ಟು ಕೆದರಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನು ಚೂಪು ತುದಿ ಒಳಕ್ಕೆ ಬರುವಂತೆ ಇಟ್ಟುಕೊಳ್ಳುತ್ತದೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ದೂರದಲ್ಲಿ ನಿಂತು ಹುಡುಕಿದರೂ ಕಣ್ಣಿಗೆ ಬೀಳುವುದು ಕಷ್ಟ. ಜೆಸಿಬಿ ಮೇಲೆ ಕೂತವರಿಗೆ ಹೇಗೆ ಕಂಡೀತು? ನೆಲಗುಬ್ಬಿ, ಗೌಜಲಕ್ಕಿ, ಲಾವಕ್ಕಿ ಎಲ್ಲವೂ ನೆಲದ ಮೇಲೆಯೇ ಸಂಸಾರ ಮಾಡುವಂಥವು.

ನೆಟ್ಟ ಗಿಡ ಬದುಕಿಕೊಂಡರೆ ತೊಂದರೆ ಇನ್ನೂ ಹೆಚ್ಚು. ಕೃಷ್ಣಮೃಗಕ್ಕೆ ಅದರ ಕಣ್ಣು ಮತ್ತು ಕಾಲುಗಳೇ ಕಾವಲು. ತೋಳ ದೂರದಿಂದಲೇ ಕಾಣಬೇಕು, ಕಂಡೊಡನೆ ಓಡಲು ಬಯಲು ಬೇಕು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದೇ 119 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದೆವು. ಆದರೆ ಅದರ ಬಹುಭಾಗ ನೀಲಗಿರಿ ತೋಪಾಯಿತು. ಒಂದು ಕಾಲಕ್ಕೆ ಅಲ್ಲಿ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇತ್ತು. ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ, ಅದನ್ನೂ ಬರಿ ನೆಲದ ಮೇಲಿಡುವ ಹಕ್ಕಿ ಅದು. ಈಗ ರಾಜ್ಯದಲ್ಲಿ ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ, ಬೆರಳೆಣಿಕೆಯಷ್ಟು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಒಳ್ಳೆಯ ಕೆಲಸ. ಆದರೆ ಅದರ ಜಾಗಕ್ಕೆ ಹೊಂಗೆ, ಬೇವು ತಂದರೂ ಬಯಲು ಮುಚ್ಚಿಹೋಗುವುದು ತಪ್ಪುವುದಿಲ್ಲ. ಬಿಸಿಲು ಬೇಡುವ ಕರಡ ಹುಲ್ಲು ಆ ನೆರಳಿನಲ್ಲಿ ಸೊರಗುತ್ತದೆ. ಅವು ನಮ್ಮವೇ ಮರಗಳು; ರಸ್ತೆ ಬದಿಯಲ್ಲಿ, ಶಾಲೆಯ ಅಂಗಳದಲ್ಲಿ, ಹೊಲದ ಬದುವಿನ ಮೇಲೆ ಎಷ್ಟು ನೆಟ್ಟರೂ ಸಂತೋಷ.

ಹಾಗೆಂದು ಹುಲ್ಲುಗಾವಲನ್ನು ಅದರ ಪಾಡಿಗೆ ಬಿಟ್ಟುಬಿಡಿ ಎನ್ನುತ್ತಿಲ್ಲ. ಅದಕ್ಕೆ ಆರೈಕೆ ಬೇಕು. ಮೊದಲ ಕೆಲಸ ಬಳ್ಳಾರಿ ಜಾಲಿಯದು. ಅದರ ಕಾಯಿಯನ್ನು ದನ, ಕುರಿ, ಮೇಕೆಗಳು ಆಸೆಪಟ್ಟು ತಿನ್ನುತ್ತವೆ, ಬೀಜ ಸಗಣಿ ಹಿಕ್ಕೆಯೊಡನೆ ಊರೆಲ್ಲ ಹರಡುತ್ತದೆ. ಬುಡ ಕಡಿದರೆ ಮತ್ತೆ ಪೊದೆಯಾಗಿ ಚಿಗುರುತ್ತದೆ. ಬೇರಿನ ಬೊಡ್ಡೆಯ ಸಮೇತ ಕೀಳಬೇಕು, ಮರುವರ್ಷ ಬಂದು ಮೊಳಕೆಗಳನ್ನೂ ಕೀಳಬೇಕು. ಗುಂಡಿ ತೋಡಲು ಕೊಡುವ ಕೂಲಿಯನ್ನು ಈ ಕೆಲಸಕ್ಕೆ ಕೊಡಿ. ಊರಿನವರಿಗೆ ದುಡಿಮೆಯೂ ಸಿಗುತ್ತದೆ.

ಕುರಿಗಾಹಿಗಳನ್ನು ಹೊರಗಟ್ಟಿ ಬೇಲಿ ಹಾಕುವುದಂತೂ ಬೇಡವೇ ಬೇಡ. ಮೇಯುವ ಬಾಯಿ ಪೂರ್ತಿ ನಿಂತರೆ ಪೊದೆ ಏರಿಬರುತ್ತದೆ. ಗೋಮಾಳದ ಒಂದು ಪಾಲಿಗೆ ಹುಲ್ಲು ಬೀಜ ಕಟ್ಟಿ ಉದುರುವ ತನಕ ಮಂದೆ ಬಿಡದೆ, ಮರುವರ್ಷ ಇನ್ನೊಂದು ಪಾಲಿಗೆ ಅದೇ ವಿರಾಮ ಕೊಟ್ಟರೆ ಹುಲ್ಲೂ ಉಳಿಯುತ್ತದೆ, ಮಂದೆಯೂ ಉಳಿಯುತ್ತದೆ. ಯಾವ ಪಾಲು ಯಾವಾಗ ಎಂಬುದನ್ನು ಅವರನ್ನೇ ಕೂರಿಸಿಕೊಂಡು ತೀರ್ಮಾನಿಸಿ.

ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು 1966ರ ಭೂಕಂದಾಯ ನಿಯಮಗಳೇ ಹೇಳುತ್ತವೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಮಧುಗಿರಿಯ ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲನ್ನು ಕೃಷ್ಣಮೃಗಕ್ಕಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದು ನಿಮ್ಮದೇ ಇಲಾಖೆಯ ಹೆಮ್ಮೆ. ಹೊಸ ಕಾನೂನು ಬೇಕಿಲ್ಲ, ಬಯಲನ್ನು ಬಂಜರೆಂದು ಬರೆಯುವ ಅಭ್ಯಾಸ ನಿಂತರೆ ಸಾಕು.

ಮುಂದಿನ ಸಾಲಿನ ನೆಡುತೋಪು ಪಟ್ಟಿ ಸಿದ್ಧವಾಗುವ ಮುಂಚೆ ಒಂದು ಸುತ್ತೋಲೆ ಹೊರಡಿಸಿ: ಗೋಮಾಳದಲ್ಲಾಗಲಿ ಕಾವಲಿನಲ್ಲಾಗಲಿ ಗುಂಡಿ ತೋಡುವ ಮೊದಲು ಆ ಊರಿನ ಸಮಿತಿ, ಕುರಿಗಾಹಿಗಳು ಮತ್ತು ವಲಯ ಅರಣ್ಯಾಧಿಕಾರಿ ಒಟ್ಟಿಗೆ ನೆಲವನ್ನು ನಡೆದು ನೋಡಬೇಕು, ಹುಲ್ಲುಗಾವಲೆಂದು ಕಂಡುಬಂದರೆ ಅದನ್ನು ಪಟ್ಟಿಯಿಂದ ಕೈಬಿಡಬೇಕು. ಕಂದಾಯ ಸಚಿವರ ಸಹಿಯೂ ಅದರಲ್ಲಿರಲಿ, ಏಕೆಂದರೆ ಗೋಮಾಳ ಅವರ ಇಲಾಖೆಯ ನೆಲ.

ಇಂತಿ ವಿಶ್ವಾಸದಿಂದ,
ಬಯಲುಸೀಮೆಯ ಒಬ್ಬ ಪ್ರಜೆ