ಸ್ಥಾಯಿ ಸಮಿತಿಯಲ್ಲಿ ಯುವಕ ಮಂಡಲಕ್ಕೆ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಜನವರಿ 12ರ ರಾಷ್ಟ್ರೀಯ ಯುವ ದಿನ ಬಂತೆಂದರೆ ‘ಆಡಳಿತದಲ್ಲಿ ಯುವಜನರ ಪಾಲ್ಗೊಳ್ಳುವಿಕೆ’ ಎಂದು ಬ್ಯಾನರ್ ಕಟ್ಟಿ ಸಂವಾದ ಏರ್ಪಡಿಸುವುದು ವಾಡಿಕೆ. ಪ್ರಮಾಣಪತ್ರ ಹಂಚಿ, ಫೋಟೊ ತೆಗೆಸಿಕೊಂಡಲ್ಲಿಗೆ ಮುಗಿಯಿತು. ಅಲ್ಲಿ ಹುಡುಗರು ಕೇಳಿದ್ದು ಯಾವ ಕಡತಕ್ಕೂ ಸೇರುವುದಿಲ್ಲ. ಹೊಸ ಹೊಸ ಯುವ ಸಂಸತ್ತು ಕಟ್ಟುವ ಮುಂಚೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 61ನೇ ಪ್ರಕರಣವನ್ನು ಒಮ್ಮೆ ಓದುವುದು ಒಳ್ಳೆಯದು. ಗ್ರಾಮ ಪಂಚಾಯಿತಿಯ ಉತ್ಪಾದನಾ, ಸಾಮಾಜಿಕ ನ್ಯಾಯ ಮತ್ತು ಸೌಕರ್ಯ ಎಂಬ ಮೂರು ಸ್ಥಾಯಿ ಸಮಿತಿಗಳು ರೈತ ಕೂಟ, ಮಹಿಳಾ ಮಂಡಲ, ಯುವಕ ಮಂಡಲಗಳ ಸದಸ್ಯರನ್ನು ತಮ್ಮೊಳಗೆ ಸೇರಿಸಿಕೊಳ್ಳಬಹುದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಚುನಾವಣೆಗೆ ನಿಲ್ಲದವರಿಗೂ ತೆರೆದ ಬಾಗಿಲು ಇದು. ಬಹುತೇಕ ಕಡೆ ಯಾರೂ ತಟ್ಟಿಲ್ಲ, ಯಾರೂ ತೆರೆದಿಲ್ಲ.

ಕಾರಣ ಗುಟ್ಟೇನಲ್ಲ. ಸ್ಥಾಯಿ ಸಮಿತಿಗಳು ರಚನೆಯಾದ ದಿನ ನಡವಳಿ ಪುಸ್ತಕದಲ್ಲಿ ಹುಟ್ಟಿ ಅಲ್ಲೇ ಮಲಗುತ್ತವೆ. ಎಲ್ಲವೂ ಸಾಮಾನ್ಯ ಸಭೆಯಲ್ಲೇ ತೀರ್ಮಾನವಾಗುತ್ತದೆ. ಇನ್ನೊಂದು ತೊಡಕು, ಸೇರುವ ಮಂಡಲಕ್ಕೆ ಸರ್ಕಾರದ ಮಾನ್ಯತೆ ಇರಬೇಕು. ಊರಲ್ಲಿ ಗಣೇಶೋತ್ಸವ, ಕಬಡ್ಡಿ, ರಕ್ತದಾನ ನಡೆಸುವ ಚುರುಕು ತಂಡಕ್ಕೆ ನೋಂದಣಿಯೇ ಇರುವುದಿಲ್ಲ. ನೋಂದಣಿಯಿರುವ ಹಳೆಯ ಮಂಡಲದ ಪದಾಧಿಕಾರಿಗಳೋ ಮೊಮ್ಮಕ್ಕಳನ್ನು ಕಂಡವರು! 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಎಡವುವುದು ಆಮೇಲೆ: ವರ್ಷವರ್ಷ ಸಲ್ಲಿಸಬೇಕಾದ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಬಾಕಿ ಬೀಳುತ್ತವೆ, ನೋಂದಣಿ ಹೆಸರಿಗಷ್ಟೇ ಉಳಿಯುತ್ತದೆ. ತಾಲ್ಲೂಕು ಪಂಚಾಯಿತಿಯಲ್ಲಿ ವರ್ಷಕ್ಕೊಂದು ದಿನ ಈ ಬಾಕಿ ಕಾಗದ ಸರಿಪಡಿಸುವ ಶಿಬಿರ ನಡೆಸಿದರೂ ಅರ್ಧ ಕೆಲಸ ಆದಂತೆ.

ಆಯ್ಕೆಯನ್ನು ಅಧ್ಯಕ್ಷರ ಮರ್ಜಿಗೆ ಬಿಟ್ಟರೆ ಅಣ್ಣನ ಮಗ, ಪಕ್ಷದ ಕಾರ್ಯಕರ್ತ ಬಂದು ಕೂರುತ್ತಾರೆ. ಆದ್ದರಿಂದ ಹೆಸರು ಗ್ರಾಮಸಭೆಯಲ್ಲಿ ಬರಲಿ. ಪ್ರತಿ ಸಮಿತಿಗೆ ಇಬ್ಬರು, 18ರಿಂದ 29ರೊಳಗಿನವರು, ಒಬ್ಬರು ಯುವತಿ, ಹಾಲಿ ಸದಸ್ಯರ ಹತ್ತಿರದ ನೆಂಟರಲ್ಲದವರು, ಅವಧಿ ಒಂದು ವರ್ಷ. ಹೀಗೆ ಸೇರಿದವರ ಹಕ್ಕು–ಹೊಣೆಗಳನ್ನು ಅಧಿನಿಯಮ ನಿಯಮಗಳಿಗೆ ಬಿಟ್ಟಿರುವುದರಿಂದ ಗ್ರಾಮೀಣಾಭಿವೃದ್ಧಿ ಇಲಾಖೆ ಒಂದು ಸುತ್ತೋಲೆಯಲ್ಲಿ ಇಷ್ಟನ್ನು ಬಿಡಿಸಿ ಹೇಳಬೇಕು: ಸಭೆಯ ನೋಟಿಸು ಇವರಿಗೂ ಹೋಗಬೇಕು, ಇವರ ಮಾತು ನಡವಳಿಯಲ್ಲಿ ಹೆಸರು ಸಮೇತ ದಾಖಲಾಗಬೇಕು. ಕುರ್ಚಿ ಜೋಡಿಸಲು, ಸ್ವಚ್ಛತಾ ಜಾಥಾದಲ್ಲಿ ಫಲಕ ಹಿಡಿಯಲು ಹುಡುಗರನ್ನು ಕರೆಯುವುದನ್ನೇ ಪಾಲ್ಗೊಳ್ಳುವಿಕೆ ಎಂದು ವರದಿ ಬರೆಯುವುದು ಇನ್ನು ಸಾಕು.

ಸಮಿತಿಗಿಂತ ಮೊದಲು ವಾರ್ಡ್ ಸಭೆಯಿದೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಈ ಸಭೆಗೆ ಬಂದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು, ಪರಿಶಿಷ್ಟರು ಜನಸಂಖ್ಯೆಗೆ ತಕ್ಕಂತೆ ಇರಬೇಕು ಎಂಬ ಷರತ್ತುಂಟು. ವಯಸ್ಸಿನ ಲೆಕ್ಕ ಮಾತ್ರ ಇಲ್ಲ. ಸಭೆ ಇಡುವುದು ವಾರದ ದಿನ ಬೆಳಿಗ್ಗೆ 11ಕ್ಕೆ; ಆಗ ಕಾಲೇಜಿನವರು ಬಸ್ಸಿನಲ್ಲಿ, ಗಾರೆ ಕೆಲಸದವರು ಪಕ್ಕದ ಪಟ್ಟಣದಲ್ಲಿ, ಉಳಿದವರು ಬೆಂಗಳೂರಿನಲ್ಲಿ. ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಜನವರಿವರೆಗೆ ನಡೆಯುತ್ತದೆ. ದಸರೆ, ದೀಪಾವಳಿಗೆ ಊರಿಗೆ ಬಂದವರು ಸಿಗುವುದೂ ಆಗಲೇ. ಹಬ್ಬದ ಮಾರನೇ ದಿನ ಸಂಜೆ ಸಭೆಯಿಟ್ಟರೆ ಯಾರ ಅಪ್ಪಣೆಯೂ ಬೇಕಿಲ್ಲ, ಪೈಸೆ ಖರ್ಚೂ ಇಲ್ಲ. ಮನೆ ಫಲಾನುಭವಿಗಳ ಪಟ್ಟಿಯನ್ನು ಮೊದಲಿಗೆ ಎತ್ತಿಕೊಂಡರೆ ಜಗಳದಲ್ಲೇ ಹೊತ್ತು ಮುಳುಗುತ್ತದೆ. ಮೊದಲು ಹಿಂದಿನ ಸಭೆಯ ತೀರ್ಮಾನಗಳು ಎಷ್ಟು ಜಾರಿಯಾದವೆಂಬ ಅನುಪಾಲನಾ ವರದಿ, ನಂತರ ಕಾಮಗಾರಿ, ಕೊನೆಗೆ ಪಟ್ಟಿ ಎಂದಿರಲಿ.

ಯುವಕರ ಕಡೆಯಿಂದಲೂ ತಯಾರಿ ಬೇಕು. ‘ನಮ್ಮ ಓಣಿಗೆ ಚರಂಡಿ ಬೇಕು’ ಎಂಬ ಅರ್ಜಿ ಕ್ರಿಯಾಯೋಜನೆಗೆ ಬರುವುದಿಲ್ಲ. ಶಾಲೆ ಮೂಲೆಯಿಂದ ಅಂಗನವಾಡಿ ತನಕ 85 ಮೀಟರ್, ಇಳಿಜಾರು ಪಡುವಣಕ್ಕೆ, ನೀರು ಹಳ್ಳ ಸೇರುವ ಮುಂಚಿನ 12 ಮೀಟರ್ ಖಾಸಗಿ ಹೊಲ, ಹೊಲದವರ ಲಿಖಿತ ಒಪ್ಪಿಗೆ ಲಗತ್ತಿಸಿದೆ – ಹೀಗಿದ್ದರೆ ಎಂಜಿನಿಯರ್ ಅಂದಾಜುಪಟ್ಟಿ ಮಾಡುತ್ತಾರೆ. ಚರಂಡಿ ಅರ್ಧಕ್ಕೆ ನಿಲ್ಲುವುದು ಅನೇಕ ಕಡೆ ಆ ಕೊನೆಯ 12 ಮೀಟರಿನಲ್ಲೇ. ಇಬ್ಬರು, ಒಂದು ಟೇಪು, ಒಂದು ಬೆಳಗಿನ ಕೆಲಸ ಅಷ್ಟೆ. ಹಣದ ಬಾಬತ್ತೂ ಗೊತ್ತಿರಬೇಕು: 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021–26) ಶೇ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು; ಅಂಥ ಮೀಸಲು ಹಣದಲ್ಲಿ ಆಟದ ಮೈದಾನ ಕೇಳಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೈಚೆಲ್ಲುತ್ತಾರೆ. ಬಸ್ಸು ಪಂಚಾಯಿತಿಯ ಕೈಲಿಲ್ಲ, ಆದರೆ ಹೊತ್ತು, ಮಾರ್ಗ, ವಿದ್ಯಾರ್ಥಿಗಳ ಸಂಖ್ಯೆ ನಮೂದಿಸಿದ ಠರಾವು ಸಾರಿಗೆ ಘಟಕದ ವ್ಯವಸ್ಥಾಪಕರಿಗೆ ಹೋದರೆ ಅದಕ್ಕೆ ಬೇರೆ ತೂಕ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪಡೆಯದೆ ಹೊರಡಬಾರದು.

ಮಕ್ಕಳ ಗ್ರಾಮಸಭೆಯನ್ನು ನಡೆಸಿಕೊಂಡು ಬಂದ ರಾಜ್ಯ ನಮ್ಮದು. ಅಲ್ಲಿ ಮೈಕ್ ಹಿಡಿದು ಶಾಲೆಯ ಶೌಚಾಲಯಕ್ಕೆ ನೀರು ಕೇಳಿದವರು ಪಿಯುಸಿಗೆ ಹೋದ ಮೇಲೆ ಕಾಣೆಯಾಗುತ್ತಾರೆ. 17 ತುಂಬಿದವರು ಮತದಾರರ ಪಟ್ಟಿಗೆ ಮುಂಗಡ ಅರ್ಜಿ ಹಾಕಬಹುದು. 18 ತುಂಬುವ ಲೆಕ್ಕಕ್ಕೆ ಈಗ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ. ಪಟ್ಟಿಯಲ್ಲಿ ಹೆಸರಿದ್ದವರೇ ಗ್ರಾಮಸಭೆಯ ಸದಸ್ಯರು. ಮಕ್ಕಳ ಸಭೆಯ ದಿನವೇ ಹಿರಿಯ ವಿದ್ಯಾರ್ಥಿಗಳಿಂದ ಈ ಅರ್ಜಿಯನ್ನು, ಅಂದರೆ ನಮೂನೆ 6ನ್ನು, ತುಂಬಿಸಿದರೆ ಈ ಕೊಂಡಿ ತಪ್ಪುವುದಿಲ್ಲ.

ಮೇಲಿನ ಹಂತದ್ದು ಬೇರೆಯೇ ಕತೆ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರಿಂದಲೇ ಬರಬೇಕೆಂದು ಸಂವಿಧಾನ ಹೇಳುವಾಗ, ಚುನಾವಣೆಯನ್ನೇ ಮುಂದೂಡುತ್ತಾ ಜಿಲ್ಲಾ ಮಟ್ಟದಲ್ಲಿ ಯುವ ನೀತಿಯ ಮಾತಾಡುವ ಸರ್ಕಾರಗಳನ್ನು, ಯಾವ ಪಕ್ಷದ್ದೇ ಇರಲಿ, ನಂಬುವುದು ಕಷ್ಟ. ಗ್ರಾಮ ಪಂಚಾಯಿತಿ ಮಟ್ಟದ ಸುತ್ತೋಲೆಗಾದರೂ ಯಾವ ನ್ಯಾಯಾಲಯದ ತಡೆಯೂ ಇಲ್ಲ, ಕ್ಷೇತ್ರ ಮರುವಿಂಗಡಣೆಯೂ ಬೇಕಿಲ್ಲ. ಅಕ್ಟೋಬರ್ 2ಕ್ಕೆ ಮೊದಲು ಅದು ಪಿಡಿಒಗಳ ಕೈ ಸೇರಲಿ, ಅದರ ಒಂದು ಪ್ರತಿ ಊರಿನ ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಫಲಕದಲ್ಲೂ ಇರಲಿ.

– ಪಂಚಾಯತ್ ರಾಜ್ ತರಬೇತಿದಾರರು, ಹಾವೇರಿ