ಡಾಕ್ಟರೇಟ್ ಬಂತು, ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು

ಹೋದ ವಾರ ನನ್ನ ಪಿಎಚ್‌ಡಿ ಡಿಫೆನ್ಸ್, ಅಂದರೆ ಥೀಸಿಸ್‌ನ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಅಂದಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ. ಪರದೇಶದಲ್ಲಿ, ಪುಟ್ಟ ಮಗು ಇಟ್ಟುಕೊಂಡು, ಲ್ಯಾಬ್ ಕೆಲಸ ಹೇಗೆ ಮಾಡಿದೆ ಅಂತ. ನಾನೊಬ್ಬಳೇ ಮಾಡಲಿಲ್ಲ, ಅದೇ ಉತ್ತರ. 'ಸೂಪರ್ ಅಮ್ಮ' ಅಂತ ಹೊಗಳಿದವರ ಮೇಲೆ ಬೇಜಾರಿಲ್ಲ, ಆದರೆ ಆ ಬಿರುದು ನನಗೆ ಬೇಡ. ಯಾರು ಏನು ಮಾಡಿದರು ಅನ್ನುವುದನ್ನೇ ಬರೆಯುತ್ತೇನೆ.

ಮೊದಲ ಥ್ಯಾಂಕ್ಸ್ ಲ್ಯಾಬ್ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಗೆ. ನಾನು ಬಸುರಿ ಅನ್ನುವ ಸುದ್ದಿ ನನ್ನ ಗಂಡನ ನಂತರ ಗೊತ್ತಾಗಿದ್ದು ಅವರಿಗೇ, ಅಮ್ಮನಿಗೆ ಹೇಳಿದ್ದೂ ಆಮೇಲೆ. ಹೊಟ್ಟೆ ಕಾಣುವ ಮುಂಚೆಯೇ, ಮೊದಲ ಮೂರು ತಿಂಗಳಲ್ಲೇ ಮಗುವಿನ ಅಂಗಾಂಗಗಳೆಲ್ಲ ರೂಪುಗೊಳ್ಳುತ್ತವೆ. ಎಲ್ಲರಿಗೂ ಹೇಳುವ ದಿನ ಬರಲಿ ಅಂತ ಕಾಯುವ ಹಾಗಿರಲಿಲ್ಲ. ನನ್ನದು ಜೀವಕೋಶಗಳ ಮೇಲಿನ ಕೆಲಸ. ಬೆಂಚ್ ಮೇಲೆ ಫಾರ್ಮಮೈಡ್, ಅಕ್ರಿಲಮೈಡ್, ಎಥಿಡಿಯಂ ಬ್ರೋಮೈಡ್ ಥರದ ಅಪಾಯಕಾರಿ ಕೆಮಿಕಲ್‌ಗಳೆಲ್ಲ ಇರುತ್ತಿದ್ದವು. ಅವರು ಪಕ್ಕದಲ್ಲಿ ಕೂತು ಒಂದೊಂದು ಬಾಟಲಿಯ ಸೇಫ್ಟಿ ಶೀಟ್ ಓದಿಸಿದರು. ಅದರಲ್ಲಿ ಎಚ್360 ಅನ್ನುವ ಅಪಾಯದ ಸಂಕೇತ ಕಂಡರೆ ಸಂತಾನ ಶಕ್ತಿಗೆ ಅಥವಾ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಯಾಗಬಹುದು, ಎಚ್361 ಅಂದರೆ ಅಂಥ ಅನುಮಾನ ಇದೆ, ಎಚ್362 ಅಂದರೆ ಎದೆಹಾಲು ಕುಡಿಯುವ ಮಗುವಿಗೂ ತೊಂದರೆ ಆಗಬಹುದು. ಇಷ್ಟು ವರ್ಷ ಲ್ಯಾಬ್‌ನಲ್ಲಿದ್ದರೂ ಈ ಕೊನೆಯದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಬಾಯಿ ಬಿಡುವವರೆಗೂ ಅವರು ಯಾರ ಹತ್ತಿರವೂ ಮಾತೆತ್ತಲಿಲ್ಲ. ಸೂಪರ್‌ವೈಸರ್‌ಗೆ ಹೇಗೆ ಹೇಳುವುದು ಅಂತ ನಿದ್ದೆಗೆಟ್ಟವರಿಗೆ ಗೊತ್ತು, ಅದು ಎಷ್ಟು ದೊಡ್ಡ ಉಪಕಾರ ಅಂತ.

ಆಮೇಲೆ ಲ್ಯಾಬ್‌ನ ಗೆಳೆಯರು. ಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಮೀಡಿಯಂ, ಅಂದರೆ ಅವು ಬೆಳೆಯುವ ಪೋಷಕ ದ್ರವ, ಬದಲಿಸಬೇಕು, ಅವಕ್ಕೆ ಭಾನುವಾರ ಗೊತ್ತಿಲ್ಲ, ಡೇ ಕೇರ್‌ನಿಂದ ಮಗು ಹೊತ್ತು ತಂದ ಜ್ವರವೂ ಗೊತ್ತಿಲ್ಲ. ನಾನು ಬರಲಾಗದ ದಿನಗಳಲ್ಲಿ ಅವರು ಬದಲಿಸಿದರು, ಲೆಕ್ಕ ಇಡಲಿಲ್ಲ. ತನ್ನ ಪುಟ್ಟ ರೂಮಿನ ಬೀಗದ ಕೈ ಕೊಟ್ಟವಳಿಗೂ ಥ್ಯಾಂಕ್ಸ್. ಹಾಲು ಪಂಪ್ ಮಾಡಲು ಬಾಗಿಲಿಗೆ ಚಿಲಕ ಇರುವ ಜಾಗ ಬೇಕು, ಹಾಲಿಡಲು ಲ್ಯಾಬ್‌ನದ್ದಲ್ಲದ ಫ್ರಿಜ್ ಬೇಕು. ಇಡೀ ಕಟ್ಟಡದಲ್ಲಿ ಎರಡೂ ಇದ್ದಿದ್ದು ಆ ರೂಮಿನಲ್ಲಿ ಮಾತ್ರ.

ಹೆರಿಗೆ ಹತ್ತಿರ ಬಂದಾಗ ಕೋಶಗಳನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ಗೆ ಹಾಕಿ ನಿಲ್ಲಿಸಿಟ್ಟೆವು. ವೀಸಾವನ್ನು ಹಾಗೆ ನಿಲ್ಲಿಸಿಡಲು ಬರುವುದಿಲ್ಲ. ಆ ದೇಶದವಳೇ ಆದ ಸಹಪಾಠಿ ರಜೆ ಹಾಕಿದರೆ ಅದು ಬರೀ ರಜೆ. ವಿದ್ಯಾರ್ಥಿ ವೀಸಾದಲ್ಲಿರುವವಳು ಹಾಕಿದರೆ ಕೋರ್ಸಿನ ನೋಂದಣಿ ಏನಾಗುತ್ತದೆ, ನೋಂದಣಿ ನಿಂತರೆ ಅಲ್ಲಿ ಉಳಿಯುವ ಹಕ್ಕೇನಾಗುತ್ತದೆ ಅನ್ನುವುದು ಮೊದಲ ಪ್ರಶ್ನೆ. ಪಿಎಚ್‌ಡಿ ವಿದ್ಯಾರ್ಥಿಗೆ ತಿಂಗಳು ತಿಂಗಳು ಕೊಡುವ ಸ್ಟೈಪೆಂಡ್ ಎಷ್ಟೋ ಕಡೆ ಸಂಬಳದ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಹೆರಿಗೆ ರಜೆಯ ನಿಯಮವೂ ತಾನಾಗಿ ಸಿಗುವುದಿಲ್ಲ. ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಆ ಮೇಡಂ ಯಾವ ಪತ್ರ ಮೊದಲು, ಯಾವುದು ಆಮೇಲೆ, ಯಾರ ಸಹಿ ಬೇಕು ಅಂತ ದಿನಾಂಕ ಸಮೇತ ಬರೆದುಕೊಟ್ಟರು. ಹುಟ್ಟಿದ ಮಗುವಿಗೆ ಪಾಸ್‌ಪೋರ್ಟ್ ಮಾಡಿಸುವುದೂ ಆ ಹಾಳೆಯಲ್ಲಿತ್ತು.

ಶಾಲೆಯಲ್ಲಿ ಮೇರಿ ಕ್ಯೂರಿ ಪಾಠ ಓದಿದ್ದೆವು ಅಲ್ವಾ? ಪೋಲೆಂಡಿನಿಂದ ಪ್ಯಾರಿಸ್‌ಗೆ ಓದಲು ಹೋದವರು. ಮಗಳು ಐರೀನ್ ಹುಟ್ಟಿದ್ದು 1897ರ ಸೆಪ್ಟೆಂಬರಿನಲ್ಲಿ, ಡಾಕ್ಟರೇಟ್ ಕೆಲಸಕ್ಕೆ ಕೈ ಹಾಕಿದ್ದು ಅದೇ ವರ್ಷದ ಕೊನೆಗೆ, ಮುಗಿದಿದ್ದು 1903ರಲ್ಲಿ. ಪಾಠದಲ್ಲಿ ರೇಡಿಯಂ ಇತ್ತು, ಮಾವ ಇರಲಿಲ್ಲ. ಮೇರಿಯ ಗಂಡ ಪಿಯರ್, ಅವರ ಅಪ್ಪ ಯುಜೀನ್ ಕ್ಯೂರಿ ವೈದ್ಯರು. ಹೆಂಡತಿ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆಗೇ ಇದ್ದು ಮೊಮ್ಮಗಳನ್ನು ನೋಡಿಕೊಂಡರು. ನನ್ನ ಪಾಲಿಗೆ ಆ ಕೆಲಸ ಮಾಡಿದ್ದು ಅಮ್ಮ, ಅವರು ಹೊರಟ ಮೇಲೆ ಅತ್ತೆ. ಯುಜೀನ್ ಅವರಿಗೆ ವಿಸಿಟರ್ ವೀಸಾ ಮುಗಿಯುವ ಚಿಂತೆ ಇರಲಿಲ್ಲ, ಇವರಿಬ್ಬರಿಗೂ ಇತ್ತು. ಅಮ್ಮ, ಅತ್ತೆ, ನೀವಿಬ್ಬರೂ ಭಾಷೆ ಬಾರದ ಊರಿನಲ್ಲಿ ಮಗುವನ್ನು ಎತ್ತಿಕೊಂಡು ನನ್ನ ಥೀಸಿಸ್‌ನ ಒಂದೊಂದು ಅಧ್ಯಾಯ ಬರೆಸಿದಿರಿ.

ಗಂಡನಿಗೆ ಮಗು ನೋಡಿಕೊಂಡಿದ್ದಕ್ಕೆ ಥ್ಯಾಂಕ್ಸ್ ಇಲ್ಲ, ಅದು ಅವನ ಮಗುವೂ ಹೌದು. ತನ್ನ ಕೆಲಸ ಬಿಟ್ಟು, ನನ್ನ ವೀಸಾವನ್ನೇ ನೆಚ್ಚಿಕೊಂಡ ಡಿಪೆಂಡೆಂಟ್ ವೀಸಾದಲ್ಲಿ ಬಂದಿದ್ದಕ್ಕೆ ಮಾತ್ರ ತುಂಬಾ ಥ್ಯಾಂಕ್ಸ್.

ಸೂಪರ್‌ವೈಸರ್ ಸಂಜೆಯ ಮೀಟಿಂಗನ್ನು ಬೆಳಗ್ಗೆಗೆ ಬದಲಿಸಿದರು. ಅದಕ್ಕಿಂತ ಜಾಸ್ತಿ ನೆನಪಿರುವುದು ಇನ್ನೊಂದು. ಪಾಪ, ಮಗು ಇದೆ ಅಂತ ನನ್ನ ಪರವಾಗಿ ಅವರೇ ನಿರ್ಧಾರ ಮಾಡಿ ಕಾನ್ಫರೆನ್ಸ್ ಭಾಷಣವನ್ನು ಬೇರೆಯವರಿಗೆ ಕೊಡಲಿಲ್ಲ. ಹೋಗುತ್ತೀಯಾ ಅಂತ ಕೇಳಿದರು. ಇದನ್ನು ಬರೆಯುವಾಗ ಸ್ವಲ್ಪ ಸಿಟ್ಟೂ ಬರುತ್ತದೆ. ನನ್ನ ಹಾಗೇ ಬೇರೆ ದೇಶದಿಂದ ಬಂದ ಗೆಳತಿಗೆ, ಬೇರೊಂದು ಲ್ಯಾಬ್‌ನಲ್ಲಿ, ಇದ್ಯಾವುದೂ ಸಿಗಲಿಲ್ಲ, ಅವಳು ಅರ್ಧಕ್ಕೇ ಬಿಟ್ಟು ಹೋದಳು. ನನಗಿಂತ ಜಾಣೆ. ಚಿಲಕ ಇರುವ ರೂಮು, ಸಂಬಳ ಸಮೇತ ರಜೆ, ಹಗಲು ಹೊತ್ತಿನ ಮೀಟಿಂಗ್, ಇವೆಲ್ಲ ಯಾರದೋ ಒಳ್ಳೆಯ ಮನಸ್ಸಿನ ಮೇಲೆ ನಿಲ್ಲಬಾರದು, ನಿಯಮದಲ್ಲೇ ಇರಬೇಕು. ಹಾಗಿದ್ದಿದ್ದರೆ ಈ ಬರಹ ಇನ್ನೂ ಚಿಕ್ಕದಾಗುತ್ತಿತ್ತು.

ಕೆಮಿಕಲ್‌ಗಳ ಪಟ್ಟಿಯನ್ನೂ ಪತ್ರಗಳ ಆ ಹಾಳೆಯನ್ನೂ ಜೋಪಾನವಾಗಿ ಇಟ್ಟಿದ್ದೇನೆ. ಬೇಕಾದವರು ಸಂಕೋಚ ಇಲ್ಲದೆ ಮೆಸೇಜ್ ಮಾಡಿ, ಸುದ್ದಿಯನ್ನು ಇನ್ನೂ ಯಾರಿಗೂ ಹೇಳಿಲ್ಲದಿದ್ದರೂ ಪರವಾಗಿಲ್ಲ. ವೀಸಾ ನಿಯಮ ದೇಶದಿಂದ ದೇಶಕ್ಕೆ ಬೇರೆ, ಅದನ್ನು ಮಾತ್ರ ನಿಮ್ಮ ಕಚೇರಿಯಲ್ಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ.